ಎರಡು ಮಡಿಯ ಮನೆಯಲ್ಲಿ ಒಂದು ಟಕ್ ಟಕ್

ಕೋಡಂಬಾಕ್ಕಂನ ಆ ಎರಡನೇ ಮಹಡಿಯ ಮನೆಯಲ್ಲಿ ಎರಡು ಮಡಿಗಳಿದ್ದವು. ಒಂದು ಜಾನಕಮ್ಮನವರದು, ಇನ್ನೊಂದು ಅವರ ಮಗ ಉಪೇಂದ್ರರಾಯರದು. ಜಾನಕಮ್ಮನವರ ಮಡಿ ಎಲ್ಲರಿಗೂ ಗೊತ್ತಿರುವಂಥದ್ದೇ. ತಲೆಗೆ ನೀರು ಹಾಕಿಕೊಂಡು, ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆಂದರೆ, ಅಡಿಗೆಯಾಗಿ ನೈವೇದ್ಯ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಎಂಬತ್ತು ದಾಟಿದ ಮೇಲೂ ಅದರಲ್ಲಿ ಒಂದೆಳೆಯೂ ಸಡಿಲವಾಗಿರಲಿಲ್ಲ.

ಉಪೇಂದ್ರರಾಯರಿಗೆ ಇದೆಲ್ಲ ಶುದ್ಧ ಮೂಢನಂಬಿಕೆ. ಅವರು ವಿಜ್ಞಾನದ ಪಕ್ಷ. ಹಾಗಾಗಿ ಅವರು ಬೆಳಗ್ಗೆ ಎದ್ದು ಸ್ನಾನ ಮಾಡಿ, ಕೈಯನ್ನು ಸೋಪಿನಲ್ಲಿ ತೊಳೆದು, ಟವೆಲಿನ ನಾರು ಅಂಟಬಾರದೆಂದು ಫ್ಯಾನಿನ ಗಾಳಿಗೆ ಹಿಡಿದು ಒಣಗಿಸಿ, ಬಿಳಿ ಹತ್ತಿಯ ಕೈಗವಸು ತೊಟ್ಟು, ಆಮೇಲಷ್ಟೇ ತಮ್ಮ ಗ್ರಾಮಫೋನ್ ರೆಕಾರ್ಡುಗಳ ಕಪಾಟು ತೆರೆಯುತ್ತಿದ್ದರು. ಆ ಹೊತ್ತಿನಲ್ಲಿ ಹೆಂಡತಿ ಕೋಣೆಗೆ ಕಾಲಿಟ್ಟರೆ ‘ಧೂಳು, ಧೂಳು’ ಎಂದು ಕೂಗುತ್ತಿದ್ದರು. ಅಡಿಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಎಣ್ಣೆಯ ಜಿಡ್ಡು ಗಾಳಿಯಲ್ಲಿ ತೇಲಿ ಬಂದು ರೆಕಾರ್ಡಿನ ಗೆರೆಗಳಲ್ಲಿ ಕೂರುತ್ತದೆಂದು ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಿದ್ದರು. ಇದು ಮಡಿಯಲ್ಲವೇ ಎಂದು ಯಾರಾದರೂ ಕೇಳಿದರೆ, ಅಲ್ಲ, ಇದು ‘ಹ್ಯಾಂಡ್ಲಿಂಗ್’ ಎನ್ನುತ್ತಿದ್ದರು.

“ಆ ಕಡೆ ಹೋದ್ರೆ ಅತ್ತೆ ಮಡಿ, ಈ ಕಡೆ ಬಂದ್ರೆ ಇವ್ರ ಮಡಿ. ಈ ಮನೇಲಿ ಮೈಲಿಗೆ ಅಂತ ಇರೋದು ನಾನೊಬ್ಬಳೇ,” ಎಂದು ಅವರ ಹೆಂಡತಿ ಹರಿಪ್ರಿಯಾ ಬಂದವರೆದುರು ಹೇಳಿ ನಗುತ್ತಿದ್ದಳು. ನಗು ಅರ್ಧ ಮಾತ್ರ ತಮಾಷೆಯದು.

ರಾಯರ ಕಪಾಟಿನಲ್ಲಿ ಏನೇನೋ ರೆಕಾರ್ಡುಗಳಿದ್ದವು. ಆದರೆ ಗರ್ಭಗುಡಿಯಲ್ಲಿದ್ದದ್ದು ಒಂದೇ ತಂಡ: ಸ್ಯಾಟರ್ನ್ ಫೆರ್ರಿ. ಉದ್ದಗೂದಲಿನ ಐವರು ಇಂಗ್ಲಿಷರು ಕಟ್ಟಿದ ತಂಡ ಅದು. ಸ್ಪೇಸ್ ರಾಕ್ ಎಂಬ ಸಂಗೀತಕ್ಕೆ ಮೊದಲು ದಾರಿ ಕಡಿದವರು ಇವರೇ ಎಂದು ರಾಯರ ವಾದ. ಹಾಡು ಕಡಿಮೆ, ಹೂಂಕಾರ ಜಾಸ್ತಿ. ಗಿಟಾರು ಒಂದೇ ಸ್ವರವನ್ನು ಹಿಡಿದು ಗಿರಗಿರನೆ ಸುತ್ತುತ್ತಿರುತ್ತದೆ, ಹಿಂದೆ ಯಾವುದೋ ಯಂತ್ರ ಗಾಳಿಯ ಹಾಗೆ ಸುಯ್ಯೆನ್ನುತ್ತದೆ, ನಡುನಡುವೆ ಒಬ್ಬ ಗ್ರಹಗಳ ಹೆಸರನ್ನು ನಿದ್ದೆಗಣ್ಣಿನಲ್ಲಿ ಒದರುತ್ತಾನೆ. ಕೇಳುತ್ತಾ ಕೂತರೆ ನಕ್ಷತ್ರಗಳ ನಡುವೆ ತೇಲಿದಂತಾಗುತ್ತದೆ ಎಂದು ರಾಯರು. ಮಿಕ್ಸಿ ಕೆಟ್ಟಂತಾಗುತ್ತದೆ ಎಂದು ಹರಿಪ್ರಿಯಾ.

ಈ ತಂಡದ ಮೂರನೆಯ ಆಲ್ಬಂ ‘ಟೈಡಲ್ ಕ್ಲಾಕ್’ ರಾಯರ ಕೈಗೆ ಬಂದದ್ದು ಅವರಿಗೆ ಮೀಸೆ ಚಿಗುರಿದ ಕಾಲದಲ್ಲಿ. ಹಡಗಿನ ಸರಕಿಗೆ ವಿಮೆ ಮಾಡುವ ಕಂಪನಿಯೊಂದರಲ್ಲಿ ಆಗಷ್ಟೇ ಗುಮಾಸ್ತರಾಗಿ ಸೇರಿದ್ದರು. ಕಾಗದಪತ್ರ ಹಿಡಿದು ಬಂದರಿಗೆ ಹೋದಾಗ, ರಾಯಪುರಂನ ಫುಟ್‌ಪಾತಿನಲ್ಲಿ ಯಾವುದೋ ಹಡಗಿನ ಅಡಿಗೆಯವನು ಹಳೆಯ ಕೋಟು, ಶೂಗಳ ಜೊತೆ ಇದನ್ನೂ ಹರಡಿಕೊಂಡಿದ್ದ. ಹೊದಿಕೆಯ ಮೇಲೆ ಕಪ್ಪು ಆಕಾಶ, ಅದರಲ್ಲಿ ಒಂದು ದೋಣಿ, ದೋಣಿ ನಡೆಸುವವನು ಅಸ್ಥಿಪಂಜರ. ರಾಯರು ಅಲ್ಲೇ ಮರುಳಾದರು. ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ ಎಂಬುದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಅದಾದ ಮೇಲೆ ಬಹಳ ತಿಂಗಳು ಆ ಹೊದಿಕೆಯನ್ನು ಎದೆಯ ಮೇಲಿಟ್ಟುಕೊಂಡು, ಒಳಗಿನ ಸಂಗೀತವನ್ನು ಊಹಿಸುತ್ತಾ ಮಲಗಿರುತ್ತಿದ್ದರು.

ಕೊನೆಗೂ ಪ್ಲೇಯರ್ ಬಂದು ಎರಡನೆಯ ಬದಿಯ ಮೇಲೆ ಮುಳ್ಳು ಇಟ್ಟ ದಿನ ಅವರಿಗೊಂದು ಸಾಕ್ಷಾತ್ಕಾರವಾಯಿತು. ಗಾಳಿಯ ಸದ್ದಿನ ನಡುವೆ, ಎಲ್ಲಿಂದಲೋ, ಟಕ್… ಟಕ್… ಎಂದು ಒಂದು ಮಿಡಿತ. ಸ್ವಲ್ಪ ಹೊತ್ತಿಗೆ ಅದು ಎರಡಾಗಿ ಒಡೆದು ಟಟಕ್… ಟಟಕ್… ಆಯಿತು. ಆಮೇಲೆ ಮತ್ತೆ ಒಂದಾಗಿ, ಕ್ಷೀಣಿಸಿ, ನಿಂತುಹೋಯಿತು. ಒಂದನ್ನೊಂದು ಸುತ್ತುವ ಅವಳಿ ನಕ್ಷತ್ರಗಳ ನಾಡಿಬಡಿತವಿದು ಎಂದು ರಾಯರು ಆ ಕ್ಷಣವೇ ತೀರ್ಮಾನಿಸಿದರು. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಸರಿಯಾಗಿ ಅದೇ ಜಾಗದಲ್ಲಿ, ಕಾಸಿನಗಲದ ಒಂದು ಮಸುಕು ಗಾಲಿಯ ಗುರುತು ಕಾಣುತ್ತಿತ್ತು. ಅದು ತಂಡದವರ ಗುಪ್ತ ಚಿಹ್ನೆ, ನಕ್ಷತ್ರಮಂಡಲದ ಆಕಾರ, ಆಯ್ದ ಕೆಲವೇ ಪ್ರತಿಗಳಿಗೆ ಒತ್ತಿದ್ದು. ಇದು ರಾಯರ ಸಿದ್ಧಾಂತ. ನಲವತ್ತು ವರ್ಷದಲ್ಲಿ ಅದು ಬೆಳೆದು ಬೆಳೆದು ವೇದವಾಗಿಬಿಟ್ಟಿತ್ತು.

ಇಲ್ಲೊಂದು ಮಾತು ಹೇಳಲೇಬೇಕು. ರಾಯರ ಜೀವಮಾನದ ಉದ್ಯೋಗವೇ ಪೆಟ್ಟುಗಳನ್ನು ಓದುವುದು. ಪೆಟ್ಟಿಗೆಯ ಮೂಲೆ ನಜ್ಜಾದದ್ದು ಹಡಗಿನಲ್ಲೋ ಬಂದರಿನಲ್ಲೋ, ಅಥವಾ ಲಾರಿಯವನ ಪ್ರತಾಪವೋ ಎಂದು ಒಂದು ನೋಟಕ್ಕೆ ಹೇಳಿಬಿಡುತ್ತಿದ್ದರು. ಅವರು ಬರೆದು ಕೊಟ್ಟದ್ದಕ್ಕೆ ಸಹಿ ಹಾಕುತ್ತಿದ್ದವರು ಮೇಲಧಿಕಾರಿ, ಹೆಸರು ಬರುತ್ತಿದ್ದದ್ದೂ ಅವರಿಗೇ. ನಿವೃತ್ತಿಯ ದಿನ ಕೊಟ್ಟ ತಟ್ಟೆಯ ಮೇಲೆ ‘ಮಹೇಂದ್ರ’ ಎಂದು ಕೆತ್ತಿಸಿದ್ದರು. ರಾಯರು ಅದನ್ನು ತಿದ್ದಿಸಲು ಹೋಗಲಿಲ್ಲ. ಆದರೆ ಅವತ್ತಿನಿಂದ ಹೊಟ್ಟೆಯಲ್ಲಿ ಒಂದು ಉರಿ ಉಳಿದುಕೊಂಡಿತ್ತು. ಸಾಯುವುದರೊಳಗೆ ಎಲ್ಲಾದರೂ ಒಂದು ಕಡೆ ತನ್ನ ಹೆಸರು ತಪ್ಪಿಲ್ಲದೆ ನಿಲ್ಲಬೇಕು.

ಅದಕ್ಕೆ ದಾರಿ ಮಾಡಿಕೊಟ್ಟದ್ದು ಕೋರಮಂಡಲ್ ಲಾಂಗ್‌ಪ್ಲೇ ಕ್ಲಬ್ಬು, ರೆಕಾರ್ಡು ಕೂಡಿಡುವವರ ಸಂಘ. ಅದರ ಅಧ್ಯಕ್ಷರು ರಾಯಪುರಂನ ಮಾಸಿಲಾಮಣಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಕಂಠ. ಸಂಘದ ವಾಟ್ಸಾಪ್ ಗುಂಪಿನಲ್ಲಿ ರಾಯರು ಪ್ರತಿ ಭಾನುವಾರ ಸ್ಯಾಟರ್ನ್ ಫೆರ್ರಿಯ ಒಂದೊಂದು ಆಲ್ಬಮ್ಮನ್ನೂ ಹೊಸದಾಗಿ ಕೇಳಿ ‘ಮರುಭೇಟಿ’ ಬರೆಯತೊಡಗಿದರು. ಮೊದಲ ಆಲ್ಬಮ್ಮಿನಲ್ಲಿ ತಂಡ ಇನ್ನೂ ಭೂಮಿಯ ಸೆಳೆತ ಬಿಟ್ಟಿಲ್ಲ, ಎರಡನೆಯದರಲ್ಲಿ ಕಾಲು ನೆಲ ಬಿಟ್ಟಿದೆ ಆದರೆ ಚಪ್ಪಲಿ ಬಿಟ್ಟಿಲ್ಲ, ಹೀಗೆ. ಉಳಿದವರು ಓದದೆಯೇ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು. ರಾಯರು ಆ ಹೆಬ್ಬೆರಳುಗಳನ್ನೆಲ್ಲ ನಂಬಿದರು.

ಮೂರನೆಯ ಆಲ್ಬಮ್ಮಿನ ಮರುಭೇಟಿಯಲ್ಲಿ ಅವರು ಟಕ್ ಟಕ್‌ನ ಗುಟ್ಟನ್ನೂ ಗಾಲಿಯ ಚಿಹ್ನೆಯನ್ನೂ ಬಯಲು ಮಾಡಿದಾಗ ಮಾತ್ರ ಗುಂಪು ನಿಜಕ್ಕೂ ಎದ್ದು ಕೂತಿತು. ಮಾಸಿಲಾಮಣಿ ಫೋನು ಮಾಡಿ, ಎಲ್ಲರೂ ಕೂತು ಒಮ್ಮೆ ಕಿವಿಯಾರೆ ಕೇಳೋಣ, ನಿಜವಾದರೆ ನಮ್ಮ ವೆಬ್‌ಸೈಟಿನಲ್ಲಿ ಇದನ್ನು ‘ಉಪೇಂದ್ರ ಪ್ರತಿ’ ಎಂದೇ ಹಾಕುತ್ತೇನೆ, ಲೋಕದ ಯಾವ ಮೂಲೆಯವನು ಹುಡುಕಿದರೂ ಅದೇ ಹೆಸರು ಸಿಗಬೇಕು ಎಂದರು. ರಾಯರು ಅವತ್ತು ಊಟಕ್ಕೆ ಕೂತಾಗ ಸಾರಿಗೆ ಉಪ್ಪಿಲ್ಲದ್ದೂ ಗೊತ್ತಾಗಲಿಲ್ಲ.

ಈ ಅನ್ನದಲ್ಲಿ ಕಲ್ಲು ಸಿಕ್ಕಿದ್ದು ನಿಶಾಂತನ ರೂಪದಲ್ಲಿ. ಮಂಡ್ಯದ ಹುಡುಗ, ಪೆರುಂಗುಡಿಯಲ್ಲಿ ಕಂಪ್ಯೂಟರ್ ಕೆಲಸ, ಸಂಘಕ್ಕೆ ಹೊಸಬ. ಅವನ ಹತ್ತಿರವೂ ‘ಟೈಡಲ್ ಕ್ಲಾಕ್’ ಇತ್ತು, ಅದೇ ವರ್ಷದ್ದು, ಅದೇ ಕಾರ್ಖಾನೆಯದು. ಅವನು ರಾಯರಿಗೆ ಬೇರೆಯಾಗಿ ಫೋನು ಮಾಡಿ ವಿನಯವಾಗಿಯೇ ಕೇಳಿದ್ದ.

“ತಪ್ಪು ತಿಳ್ಕೋಬೇಡಿ ಸಾರ್. ನನ್ ಕಾಪಿಲಿ ಆ ಟಕ್ ಟಕ್ ಬರೋದೇ ಇಲ್ವಲ್ಲ. ಎಲ್ಲೋ ಗೀರು ಗೀರು ಬಿದ್ದಿರ್ಬೋದಾ ಅಂತ.”

“ಗೀರಾ? ನನ್ನ ರೆಕಾರ್ಡಲ್ಲಿ ಗೀರಾ?” ರಾಯರು ರೇಗಿದ್ದರು. “ನಲವತ್ತು ವರ್ಷ ಡ್ಯಾಮೇಜ್ ನೋಡಿದವನಪ್ಪಾ ನಾನು. ಗೀರು ಯಾವುದು ಗ್ರಹ ಯಾವುದು ಅಂತ ನನಗೆ ಗೊತ್ತಿಲ್ವಾ? ನಿನ್ನದು ಸಾದಾ ಪ್ರತಿ. ಪಾವಂ, ನೀನೇನು ಮಾಡಕ್ಕಾಗತ್ತೆ, ಬಿಡು.”

ಅಂತೂ ಆ ಭಾನುವಾರ ಬೆಳಗ್ಗೆ ಸಂಘ ಬಂತು. ‘ಟೈಡಲ್ ಕ್ಲಾಕ್’ ಹೊಸ್ತಿಲು ದಾಟಿ ಎಲ್ಲಿಗೂ ಹೋಗುವಂತಿರಲಿಲ್ಲವಾದ್ದರಿಂದ ಸಂಘವೇ ಅದರ ದರ್ಶನಕ್ಕೆ ಬರಬೇಕಾಯಿತು. ರಾಯರು ಬಾಗಿಲಲ್ಲೇ ಎಲ್ಲರ ಚಪ್ಪಲಿ ಬಿಡಿಸಿ, ಕೈಕಾಲು ತೊಳೆಸಿ, ಒಬ್ಬೊಬ್ಬರಿಗೂ ಕೈಗವಸು ಹಂಚಿದರು. ಮಾಸಿಲಾಮಣಿಯ ಕೈಗೆ ಯಾವುದೂ ಹತ್ತದೆ, ಅವರು ಎರಡು ಬೆರಳಿಗೆ ಮಾತ್ರ ತೊಟ್ಟುಕೊಂಡು ಕೂತರು. ಒಳಗೆ ಅಡಿಗೆಮನೆಯಲ್ಲಿ ಜಾನಕಮ್ಮನವರು ಮಡಿಯಲ್ಲಿದ್ದರು. ಇಷ್ಟೊಂದು ಜನ ಕೈಕಾಲು ತೊಳೆದು ಒಳಗೆ ಬಂದದ್ದನ್ನು ಕಂಡು, ಮಗನಿಗೆ ಕೊನೆಗೂ ಬುದ್ಧಿ ಬಂತೆಂದು ಅವರಿಗೆ ಸಂತೋಷವೇ ಆಯಿತು.

ಮೊದಲು ನಿಶಾಂತನ ಪ್ರತಿ ಹಾಕಿದರು. ಗಾಳಿ ಸುಯ್ಯೆಂದಿತು, ಗಿಟಾರು ಗಿರಗಿರ ಸುತ್ತಿತು, ಮಿಡಿತದ ಸುಳಿವಿಲ್ಲ. ಆಮೇಲೆ ರಾಯರು ತಮ್ಮದನ್ನು ಹಾಕಿದರು. ಗಾಳಿಯ ನಡುವಿಂದ ಟಕ್… ಟಕ್… ಶುರುವಾಯಿತು. ಟಟಕ್… ಟಟಕ್… ಆದಾಗ ಮಾಸಿಲಾಮಣಿ ಕಣ್ಣು ಮುಚ್ಚಿ, ಗವಸು ತೊಟ್ಟ ಎರಡು ಬೆರಳನ್ನು ಹಣೆಗೆ ಒತ್ತಿಕೊಂಡರು. ರೆಕಾರ್ಡು ನಿಂತ ಮೇಲೆ ಟಾರ್ಚು ಓರೆಯಾಗಿ ಹಿಡಿದು ಎಲ್ಲರಿಗೂ ಗಾಲಿಯ ದರ್ಶನವಾಯಿತು. ‘ಗ್ಯಾಲಕ್ಸಿ’ ಎಂದು ಒಬ್ಬ ಪಿಸುಗುಟ್ಟಿದ. ‘ಸುತ್ತುತ್ತಿರೋ ಹಾಗೇ ಕಾಣುತ್ತೆ’ ಎಂದು ಇನ್ನೊಬ್ಬ. ನಿಶಾಂತ ಫೋನಿನಲ್ಲಿ ಅದರ ಫೋಟೋ ತೆಗೆದು ಬೆರಳಿನಿಂದ ಹಿಗ್ಗಿಸುತ್ತಾ ಕೂತ. ಗಾಲಿಗೆ ಸ್ಪಷ್ಟವಾಗಿ ಅರೆಗಳಿದ್ದವು, ಅಂಚಿನಲ್ಲಿ ಸಣ್ಣ ಸಣ್ಣ ಜ್ವಾಲೆಗಳಿದ್ದವು. ಅವನ ಹುಬ್ಬು ಮೇಲೇರಿತು.

ಅಷ್ಟರಲ್ಲಿ ಜಾನಕಮ್ಮನವರು, ಬಂದವರೆಲ್ಲ ಊಟಕ್ಕೆ ಇರುತ್ತಾರೋ ಎಂದು ಕೇಳಲು ನಡುಮನೆಯ ಬಾಗಿಲಿಗೆ ಬಂದರು. ಯಾರಿಗೂ ತಾಗದಂತೆ ಸೀರೆಯನ್ನು ಒತ್ತಿ ಹಿಡಿದು ನಿಂತರು. ನಿಶಾಂತನ ಫೋನಿನ ಮೇಲೆ ಅವರ ಕಣ್ಣು ಬಿತ್ತು.

“ಅಯ್ಯ! ಚಕ್ರ ಅಲ್ವೇನೋ ಅದು!” ಎಂದರು. ಮುಖ ಅರಳಿತು. “ಇನ್ನೂ ಹೀಗೇ ಕಾಣತ್ತಾ? ಒಂದು ಗೆರೆಯೂ ಅಳಿದಿಲ್ವಲ್ಲ! ಉಪೇಂದ್ರ, ಅದು ನಾನು ಒತ್ತಿದ ಮುದ್ರೆ ಕಣೋ!”

ರಾಯರು ತಾಯಿಯ ಮುಖ ನೋಡಿದರು.

“ಪ್ರಥಮ ಏಕಾದಶಿ ದಿನ ನಿಮ್ಮಪ್ಪ ಕರೆದ್ರೂ ನೀನು ಮಠಕ್ಕೆ ಬರಲಿಲ್ಲ. ತಪ್ತ ಮುದ್ರೆ ಹಾಕಿಸ್ಕೊಳಲ್ಲ ಅಂತ ಒಂದೇ ಹಟ. ಆ ಎಲುಬುಗೂಡಿನ ಪ್ಲೇಟು ಎದೆ ಮೇಲೆ ಇಟ್ಕೊಂಡು, ಇನ್ನು ಇದೇ ನನ್ನ ದೇವರು ಅಂದೆ. ಅಪ್ಪರಂ ನೀನು ಆಫೀಸಿಗೆ ಹೋದ ಮೇಲೆ, ಗೋಪೀಚಂದನದ ಪೆಟ್ಟಿಗೆಯಿಂದ ಚಕ್ರ ತೆಗೆದು, ದೀಪಕ್ಕೆ ಕೊಂಜ ಕಾಯಿಸಿ, ಒಂದೇ ಒಂದು ಸಲ, ಮೆತ್ತಗೆ ಒತ್ತಿದೆ.”

ಮಠದಲ್ಲಿ ಏಕಾದಶಿಯ ದಿನ ಸ್ವಾಮಿಗಳು ಕಾಯಿಸಿದ ಶಂಖಚಕ್ರಗಳನ್ನು ತೋಳಿಗೆ ಒತ್ತುವುದನ್ನು ಉಪೇಂದ್ರರಾಯರು ಹುಟ್ಟಿದಾಗಿನಿಂದ ಕಂಡವರು. ಬುದ್ಧಿ ಬೆಳೆಯುವವರೆಗೆ ದಿನವೂ ಅದೇ ಹಿತ್ತಾಳೆಯ ಚಕ್ರವನ್ನು ಗೋಪೀಚಂದನದಲ್ಲಿ ಅದ್ದಿ ಮೈಮೇಲೆ ಒತ್ತಿಕೊಂಡವರು. ಹಡಗಿನ ಯಾವ ಪೆಟ್ಟಿಗೆಗೆ ಯಾವ ಪೆಟ್ಟು ಎಂದು ಓದಿ ಹೇಳಿದ ಆ ಕಣ್ಣು, ಸ್ವಂತ ಮನೆಯ ಚಕ್ರವನ್ನು ನಲವತ್ತು ವರ್ಷ ನಕ್ಷತ್ರಮಂಡಲವೆಂದು ಪೂಜಿಸಿತ್ತು. ಗಾಲಿಯ ದುಂಡಂಚನ್ನು ಮುಳ್ಳು ಮೊದಲು ಒಂದು ಕಡೆ ದಾಟಿದರೆ ಟಕ್, ನಡುವೆ ಎರಡು ಕಡೆ ದಾಟಿದರೆ ಟಟಕ್. ಅವಳಿ ನಕ್ಷತ್ರಗಳ ಕಥೆ ಅಷ್ಟೇ. ರಾಯರು ಟಾರ್ಚನ್ನು ಆರಿಸಿದರು.

ಸಂಘದವರಿಗೆ ಕನ್ನಡ ಬಾರದು. ಅಜ್ಜಿಯ ಕನ್ನಡದಲ್ಲಿ ಅಲ್ಲಲ್ಲಿ ಬೆರೆತ ತಮಿಳು ಬಿಟ್ಟರೆ ಅವರ ಕಿವಿ ಹಿಡಿದದ್ದು ಮುದ್ರೆ ಎಂಬ ಒಂದೇ ಮಾತು, ತಮಿಳಿನ ‘ಮುತ್ತಿರೈ’ಗೆ ಹತ್ತಿರದ್ದು.

“ಮುತ್ತಿರೈಯಾ? ಸೀಲಾ?” ಮಾಸಿಲಾಮಣಿ ಎದ್ದೇ ನಿಂತರು. “ಅಮ್ಮ ಎನ್ನ ಸೊಲ್‌ರಾಂಗ? ಏನು ಹೇಳ್ತಿದ್ದಾರೆ ಅಮ್ಮ?”

ರಾಯರು ಕೇಳಿಸದವರಂತೆ ರೆಕಾರ್ಡನ್ನು ಹೊದಿಕೆಗೆ ಸೇರಿಸತೊಡಗಿದರು. ಆ ಕೋಣೆಯಲ್ಲಿ ತಾಯಿಯ ಮಾತು ತಿಳಿದ ಹೊರಗಿನವನು ಒಬ್ಬನೇ, ಅವನೇ ನಿಶಾಂತ. ಅವತ್ತು ಫೋನಿನಲ್ಲಿ ‘ಪಾವಂ’, ಪಾಪ, ಅನ್ನಿಸಿಕೊಂಡವನು. ಈಗ ಅವನು ಒಂದು ಮಾತು ಆಡಿದರೆ ‘ಉಪೇಂದ್ರ ಪ್ರತಿ’ ಹುಟ್ಟುವ ಮೊದಲೇ ಸತ್ತು, ರಾಯರು ಸಂಘದಲ್ಲಿ ಜನ್ಮವಿಡೀ ನಗೆಪಾಟಲು. ಮಾಸಿಲಾಮಣಿ ಅವನ ಕಡೆಗೇ ತಿರುಗಿದರು.

ನಿಶಾಂತ ರಾಯರನ್ನು ನೋಡಿದ. ಬಾಗಿಲಲ್ಲಿ ಖುಷಿಯಿಂದ ನಿಂತ ಅಜ್ಜಿಯನ್ನು ನೋಡಿದ. ಆಮೇಲೆ ತನ್ನ ಹರಕು ತಮಿಳಿನಲ್ಲಿ ಹೇಳಿದ: “ಇದು ನಿಜವಾದ ಮುದ್ರೆ ಅಂತಿದ್ದಾರೆ. ಕೈಯಿಂದಲೇ ಒತ್ತಿದ್ದಂತೆ. ಇಡೀ ಪ್ರಪಂಚದಲ್ಲಿ ಇಂಥದ್ದು ಇನ್ನೊಂದಿಲ್ಲ.”

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಂಘ ಚಪ್ಪಾಳೆ ತಟ್ಟಿತು. ಗವಸು ತೊಟ್ಟ ಕೈಗಳಾದ್ದರಿಂದ ಸದ್ದು ಹೆಚ್ಚು ಬರಲಿಲ್ಲ. ರಾಯರು ಕೈಮುಗಿದರು, ನಕ್ಕರು, ಬಂದ ಹೊಗಳಿಕೆಯನ್ನೆಲ್ಲ ತಲೆ ತಗ್ಗಿಸಿ ತೆಗೆದುಕೊಂಡರು. ವಿನಯವೆಂದು ಎಲ್ಲರೂ ಮೆಚ್ಚಿದರು. ನಾಚಿಕೆಯೆಂದು ಗೊತ್ತಿದ್ದದ್ದು ನಿಶಾಂತನಿಗೆ ಮಾತ್ರ. ಅವನು ಹೊರಡುವಾಗ ತನ್ನ ಪ್ರತಿಯನ್ನು ಮೇಜಿನ ಮೇಲೆ ಬಿಟ್ಟು, “ಇರ್ಲಿ ಸಾರ್, ಒಂದೆರಡು ವಾರ ಕೇಳಿ. ನಾನೇ ಬಂದು ಇಸ್ಕೊಂಡ್ ಹೋಯ್ತೀನಿ,” ಎಂದ. ರಾಯರಿಗೆ ಅವನ ಮುಖ ನೋಡಲಾಗಲಿಲ್ಲ.

ಬಾಗಿಲು ಹಾಕಿದ್ದೇ ತಡ, ನಾಚಿಕೆ ಸಿಟ್ಟಾಗಿ ತಾಯಿಯ ಕಡೆ ತಿರುಗಿತು.

“ನನ್ನ ರೆಕಾರ್ಡನ್ನ ಹಾಳು ಮಾಡಿದೆಯಲ್ಲಮ್ಮಾ! ಬಿಸಿ ಹಿತ್ತಾಳೆ ಅದಕ್ಕೆ ತಾಗಿಸಬಹುದಾ? ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ?”

“ನೀನು ಕೇಳಿದೆಯಾ? ಆ ಕೋಣೆಗೆ ಯಾರನ್ನಾದ್ರೂ ಬಿಟ್ಟಿದೀಯಾ?” ಜಾನಕಮ್ಮನವರಿಗೂ ಸಿಟ್ಟು ಬಂತು. “ತಪ್ತ ಮುದ್ರೆ ಒತ್ತಕ್ಕೆ ಸ್ವಾಮಿಗಳಿಗೇ ಅಧಿಕಾರ, ನನಗಿಲ್ಲ, ಗೊತ್ತು. ಅದಕ್ಕೆ ನಿನಗೆ ಒತ್ತಲಿಲ್ಲ, ಪ್ಲೇಟಿಗೆ ಒತ್ತಿದೆ. ಪ್ಲೇಟಿಗೇನು ಗೋತ್ರವಾ ಸೂತ್ರವಾ? ಆ ಎಲುಬುಗೂಡಿನವನು ನಿನ್ನನ್ನ ದೋಣಿ ಹತ್ತಿಸ್ಕೊಂಡು ಹೋಗಬಾರದು ಅಂತ, ಅಷ್ಟೇ. ಶರಿ, ಮುಟ್ಟಬೇಡ, ನಾನು ಮಡಿ.”

ಹರಿಪ್ರಿಯಾ ಇಬ್ಬರನ್ನೂ ನೋಡಿ, ಯಾವ ಪಕ್ಷವನ್ನೂ ವಹಿಸದೆ ಎಲೆ ಹಾಕಿದಳು.

ಮಾರನೆಯ ದಿನ ರಾಯರಿಗೆ ತಡೆಯಲಾಗಲಿಲ್ಲ. ಮಾಸಿಲಾಮಣಿಗೆ ಫೋನು ಮಾಡಿ, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ತಮಿಳಿನಲ್ಲಿ ಹೇಳಿಬಿಟ್ಟರು. ತಾಯಿ, ದೀಪ, ಹಿತ್ತಾಳೆಯ ಚಕ್ರ, ಎಲ್ಲ. ಆ ಕಡೆಯಿಂದ ದೊಡ್ಡ ನಗು ಬಂತು. “ಗೊತ್ತು ಸಾರ್, ಗೊತ್ತು! ಅಪರೂಪದ ಪ್ರತಿ ಇರೋರೆಲ್ಲ ಹೀಗೇ ಏನೋ ಕಥೆ ಕಟ್ಟಿ ಬಚ್ಚಿಡ್ತಾರೆ. ಕಳ್ಳರ ಭಯ ನಿಮಗೆ. ವಿಳಾಸ ಹಾಕೋದಿಲ್ಲ, ಯೋಚನೆ ಬಿಡಿ.” ನಲವತ್ತು ವರ್ಷ ತಾನು ನಂಬಿದ್ದ ಸುಳ್ಳನ್ನು ಎಲ್ಲರಿಗೂ ನಂಬಿಸಿದ್ದ ಬಾಯಿಗೆ ಒಂದು ನಿಜವನ್ನು ನಂಬಿಸಲಾಗಲಿಲ್ಲ. ಸೋತ ರಾಯರು ಕೊನೆಗೆ ಒಂದೇ ಒಂದು ಕೇಳಿಕೊಂಡರು: ಉಪೇಂದ್ರ ಎಂದು ಬೇಡ, ಜಾನಕಿ ಎಂದು ಹಾಕಿ.

ಹಾಗೆ ‘ಜಾನಕಿ ಪ್ರತಿ’ ಲೋಕಕ್ಕೆ ಬಂತು. ಒಂದು ವಾರದಲ್ಲಿ ಯಾವುದೋ ದೇಶದ ಸಂಗ್ರಾಹಕನೊಬ್ಬ, ಜಾನಕಿ ಎಂಬಾಕೆ ಆ ಕಾಲದಲ್ಲಿ ಲಂಡನ್ನಿನ ರೆಕಾರ್ಡ್ ಕಾರ್ಖಾನೆಯಲ್ಲಿದ್ದ ಭಾರತೀಯ ಇಂಜಿನಿಯರ್ ಇರಬೇಕು ಎಂದು ಬರೆದ. ಇನ್ನೊಬ್ಬ ಆಕೆಯ ತಂತ್ರವನ್ನು ವಿವರಿಸಿ ಪುಟಗಟ್ಟಲೆ ಪ್ರಬಂಧ ಹಾಕಿದ. ಮೂರನೆಯವನು ತನ್ನ ಪ್ರತಿಯಲ್ಲೂ ಟಕ್ ಟಕ್ ಕೇಳಿಸಿತೆಂದ. ಹರಿಪ್ರಿಯಾ ಇದನ್ನು ಓದಿ ಹೇಳಿದಾಗ ಜಾನಕಮ್ಮನವರು, “ಲಂಡನ್ನಾ? ನಾನು ರಾಯಪುರಂ ಕೂಡ ಸರಿಯಾಗಿ ನೋಡಿಲ್ವೇ,” ಎಂದು ಬೇಳೆ ಆರಿಸುವುದನ್ನು ಮುಂದುವರಿಸಿದರು.

ಆ ವಾರವೆಲ್ಲ ರಾಯರು ಕಪಾಟು ತೆರೆಯಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಮನಸ್ಸು ತಡೆಯದೆ ಕೋಣೆಗೆ ಹೋದರು. ಇಷ್ಟು ವರ್ಷ ಕೇಳಿದ್ದು ಪೆಟ್ಟು ಬಿದ್ದ ಮಾಲು. ಒಮ್ಮೆಯಾದರೂ ತಂಡದವರು ನುಡಿಸಿದ್ದನ್ನು ನುಡಿಸಿದ ಹಾಗೇ ಕೇಳಬೇಕು. ಕೈ ತೊಳೆದು, ಒಣಗಿಸಿ, ಗವಸು ತೊಟ್ಟು ನಿಶಾಂತನ ಪ್ರತಿಯನ್ನು ಹಾಕಿ ಕಣ್ಣು ಮುಚ್ಚಿದರು. ಗಾಳಿ ಬಂತು. ಗಿಟಾರು ಬಂತು. ಆ ಜಾಗವೂ ಬಂತು, ಹೋಯಿತು. ಬರೀ ಗಾಳಿ. ಶುದ್ಧವಾಗಿತ್ತು, ಒಂದು ಕಲೆಯಿರಲಿಲ್ಲ, ಖಾಲಿ ಮನೆಯ ಹಾಗಿತ್ತು. ರಾಯರ ಬೆರಳು ತಾನಾಗಿಯೇ ಕುರ್ಚಿಯ ಹಿಡಿಯ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು.

ಬಾಗಿಲ ಸಂದಿಯಲ್ಲಿ ಬಟ್ಟೆ ತುರುಕಿದ್ದರೂ ಅಡಿಗೆಮನೆಯಿಂದ ದನಿ ಕೇಳಿಸಿತು.

“ಉಪೇಂದ್ರ, ಏನೋ ಇವತ್ತು ಟಕ್ ಟಕ್ ಬರಲೇ ಇಲ್ಲ?”

ರಾಯರು ಎದ್ದು ಬಾಗಿಲು ತೆರೆದರು. “ನಿನಗೆ ಅಲ್ಲಿಗೆ ಕೇಳಿಸ್ತಿತ್ತಾ ಅಮ್ಮ?”

“ಕೇಳಿಸದೆ ಏನು? ಎಷ್ಟು ವರ್ಷ ಆಯ್ತು ಕೇಳ್ತಾ. ಮಿಕ್ಕಿದ್ದು ಬರೀ ಗಲಾಟೆ, ನನಗೆ ತಿಳಿಯಲ್ಲ. ಆ ಟಕ್ ಟಕ್ ಕೇಳಿದ್ರೆ, ಶರಿ, ಮುದ್ರೆ ಇನ್ನೂ ಇದೆ, ಮಗ ಎಲ್ಲೂ ಹೋಗಿಲ್ಲ ಅಂತ ಸಮಾಧಾನ ಆಗೋದು. ಅಪ್ಪರಂ ಕೈ ಕೆಲಸ ನೋಡ್ಕೊಳೋದು.”

ನಲವತ್ತು ವರ್ಷ ತಾವೊಬ್ಬರೇ ಕೇಳುತ್ತಿದ್ದೇವೆಂದುಕೊಂಡಿದ್ದ ರೆಕಾರ್ಡನ್ನು ಗೋಡೆಯ ಆಚೆ ಇನ್ನೊಬ್ಬರು, ಬೇರೆಲ್ಲವನ್ನೂ ಬಿಟ್ಟು ಆ ಟಕ್ ಟಕ್ ಒಂದನ್ನೇ, ಕಿವಿಗೊಟ್ಟು ಕೇಳುತ್ತಿದ್ದರು. ಅವರು ನಿಶಾಂತನ ಪ್ರತಿಯನ್ನು ಹೊದಿಕೆಗೆ ಸೇರಿಸಿ ಪಕ್ಕಕ್ಕಿಟ್ಟರು. ಬಾಗಿಲ ಸಂದಿಯ ಬಟ್ಟೆಯನ್ನು ಕಾಲಿನಿಂದ ಸರಿಸಿ, ಕಪಾಟಿನಿಂದ ತಮ್ಮದನ್ನು ತೆಗೆದು ಹಾಕಿದರು. ಒಗ್ಗರಣೆಯ ಘಾಟು ಒಳಗೆ ಬಂತು, ಅವರು ಬಾಗಿಲು ಹಾಕಲಿಲ್ಲ.

ಟಕ್… ಟಕ್… ಶುರುವಾದಾಗ, ಅಡಿಗೆಮನೆಯ ಹೊಸ್ತಿಲಲ್ಲಿ ಯಾರಿಗೂ ತಾಗದಂತೆ ನಿಂತಿದ್ದ ಜಾನಕಮ್ಮನವರು ತಲೆಯಾಡಿಸಿ ಒಳಗೆ ಹೋದರು. ಕೈಗವಸು ಬಿಚ್ಚಿಟ್ಟು ಬರಿಗೈಯಲ್ಲೇ ರೆಕಾರ್ಡು ಹಾಕಿದ್ದು ರಾಯರಿಗೆ ಆಮೇಲೆ ನೆನಪಾಯಿತು.